ಒಂಬತ್ತು ಸೂಜಿಯ ಕಿಂಡಿ

ಹಾಂಗ್ ಥಿಯೆನ್‌ಸೊಂಗ್‌ಗೆ ಕಂಪ್ಯೂಟರ್ ಗೊತ್ತು ಎಂಬ ವಿಷಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಂಪ್ಯೂಟರಿಗೆ ಮಾತ್ರ.

ಈ ಕೀರ್ತಿ ಅವನಿಗೆ ಬಹಳ ಸುಲಭವಾಗಿ ಬಂದಿತ್ತು. ಪುತ್ಸು ಊರಾಚೆಯ ಮೀನಿನ ಮೇವಿನ ಕಾರ್ಖಾನೆಯಲ್ಲಿ ಅವನು ಲಾರಿಗಳ ತೂಕ ಬರೆಯುವ ಗುಮಾಸ್ತ. ತೂಕದ ಕಟ್ಟೆಯಿಂದ ಕಂಪ್ಯೂಟರಿಗೆ ಒಂದು ದಪ್ಪ ಕೇಬಲ್ ಬರುತ್ತಿತ್ತು. ಅದರ ತುದಿಯಲ್ಲಿ ಒಂಬತ್ತು ಸೂಜಿಗಳಿರುವ ಒಂದು ತಲೆ. ತೂಕ ಕಾಣಿಸದಿದ್ದಾಗ ಥಿಯೆನ್‌ಸೊಂಗ್ ಆ ತಲೆಯನ್ನು ಕಿತ್ತು, ಬಾಯಿಂದ ಫೂ ಎಂದು ಊದಿ, ಮತ್ತೆ ಚುಚ್ಚುತ್ತಿದ್ದ. ತೂಕ ಕಾಣಿಸುತ್ತಿತ್ತು. ಅವನ ವಿದ್ಯೆ ಇಷ್ಟೇ. ಆದರೆ ಊದುವಾಗ ಮನುಷ್ಯ ಮುಖ ಗಂಭೀರವಾಗಿ ಇಟ್ಟುಕೊಂಡರೆ, ನೋಡಿದವರು ಉಳಿದ ವಿದ್ಯೆಯನ್ನೆಲ್ಲ ತಾವೇ ಊಹಿಸಿಕೊಳ್ಳುತ್ತಾರೆ.

ನನ್ನ ತಿಂಡಿ ಅಂಗಡಿಯ ಎದುರಿಗೇ ನಮ್ಮ ಓಣಿ ಕಾಯುವ ದೇವರು ಭೂಮಿತಾತನ ಗುಡಿ. ತಾತ ಪುಟ್ಟವನು, ಬಿಳಿ ಗಡ್ಡದವನು, ಗುಡಿಯೂ ಪುಟ್ಟದು. ಆದರೆ ಬಾಗಿಲ ಮೇಲೆ ಈ ಕಂಬದಿಂದ ಆ ಕಂಬದವರೆಗೆ ಒಂದು ವಿದ್ಯುತ್ ಫಲಕ ಇತ್ತು. ಅದರ ಮೇಲೆ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಯಾವತ್ತು ಪೂಜೆ, ಯಾರು ಅಕ್ಕಿ ಕೊಟ್ಟರು, ಯಾರ ಮಗ ಯಾವ ಪರೀಕ್ಷೆ ಪಾಸಾದ, ಎಲ್ಲವೂ ಓಡಿಹೋದ ಮೇಲೆ ಕೊನೆಗೆ ಒಂದು ಹೆಸರು ಬರುತ್ತಿತ್ತು: ತು ಚಿಂಗ್‌ಯುವಾನ್ ಸ್ಮರಣಾರ್ಥ. ಆತ ಬದುಕಿರುವವರೆಗೂ ಆ ಗುಡಿಯ ಅಂಗಳ ಗುಡಿಸಿದವನು. ಆತ ಹೋದ ವರ್ಷ ಹೆಂಡತಿ ಲುವಾನ್ ಅಜ್ಜಿ ತನ್ನ ಬಳೆ ಮಾರಿ ಆ ಫಲಕ ಹಾಕಿಸಿದ್ದಳು. ಅಜ್ಜಿಯ ಒಬ್ಬಳೇ ಮಗಳ ಗಂಡನೇ ನಮ್ಮ ಥಿಯೆನ್‌ಸೊಂಗ್. ಅತ್ತೆಯ ಮನೆಯಲ್ಲೇ ವಾಸ. ಅವನ ಕೀರ್ತಿ ಓಣಿಯನ್ನೆಲ್ಲ ಸುತ್ತಿ, ಆ ಮನೆಯ ಹೊಸ್ತಿಲಲ್ಲಿ ಮಾತ್ರ ಚಪ್ಪಲಿ ಬಿಟ್ಟು ಹೊರಗೇ ನಿಂತಿತ್ತು.

ಫಲಕಕ್ಕೆ ಅಕ್ಷರ ಉಣಿಸುತ್ತಿದ್ದ ಲ್ಯಾಪ್‌ಟಾಪಿನೊಳಗೆ ಒಂದು ಹಲ್ಲಿ ಹೋಗಿ ಸೇರಿಕೊಂಡಿತು. ಹಲ್ಲಿಯೂ ಸತ್ತಿತು, ಲ್ಯಾಪ್‌ಟಾಪೂ ಸತ್ತಿತು, ಫಲಕ ಕತ್ತಲಾಯಿತು. ಭೂಮಿತಾತನ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಗುಡಿ ಸಮಿತಿಯ ಊಟದಲ್ಲಿ ಅಧ್ಯಕ್ಷ ಶಿಯಾವ್ ಅವರು ವಿಷಯ ಎತ್ತಿದರು. ಅವರದು ಟಯರ್ ಅಂಗಡಿ. ಬಾಯಲ್ಲಿ ಸದಾ ಅಡಿಕೆ.

"ಆ ಫಲಕ ಇನ್ನು ಮುಗೀತು. ಅದಕ್ಕೆ ಸೀರಿಯಲ್ ಪೋರ್ಟ್ ಅಂತ ಏನೋ ಒಂಬತ್ತು ಸೂಜಿಯ ಕಿಂಡಿ ಬೇಕಂತೆ. ಈಗಿನ ಯಾವ ಲ್ಯಾಪ್‌ಟಾಪಲ್ಲೂ ಅದು ಇರಲ್ಲ. ತೆಗೆದು ಬಣ್ಣಬಣ್ಣದ ಹೊಸ ಪರದೆ ಹಾಕೋಣ. ನನ್ನ ಅಳಿಯ ಅದೇ ವ್ಯಾಪಾರ ಮಾಡ್ತಾನೆ, ಕಡಿಮೆಗೆ ಕೊಡಿಸ್ತೀನಿ."

"ಹೊಸದರಲ್ಲಿ ನಮ್ಮೆಜಮಾನ್ರ ಹೆಸರು ಬರುತ್ತಾ?" ಎಂದಳು ಲುವಾನ್ ಅಜ್ಜಿ.

"ಹೊಸದಕ್ಕೆ ಹೊಸ ದಾನಿಗಳು ಇದ್ದಾರಲ್ಲ ಅಜ್ಜಿ."

ಅಜ್ಜಿ ಚಾಪ್‌ಸ್ಟಿಕ್ಕನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟಳು. ಸೀರಿಯಲ್ ಪೋರ್ಟ್ ಎಂಬ ಮಾತು ಕಿವಿಗೆ ಬಿದ್ದಾಗಲೇ, ಬಾಯಲ್ಲಿ ಮೀನಿನ ಉಂಡೆ ಇದ್ದ ಥಿಯೆನ್‌ಸೊಂಗ್ ತಲೆ ಎತ್ತಿದ್ದ. ಎರಡು ಲೋಟ ಅಕ್ಕಿಯ ಮದ್ಯವೂ ಅವನೊಳಗೆ ತಲೆ ಎತ್ತಿತ್ತು.

"ಅದೇನು ಮಹಾ. ಹಳೇ ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ಒಂದು ಕಾರ್ಡ್ ತಳ್ಳಿದ್ರೆ ಪೋರ್ಟ್ ತಾನಾಗೇ ಬರುತ್ತೆ. ದಿನಾ ಮಾಡೋ ಕೆಲಸ."

ಅವನು ಇದನ್ನು ಕಾರ್ಖಾನೆಗೆ ಬಂದ ಯಾವನೋ ರಿಪೇರಿಯವನ ಬಾಯಲ್ಲಿ ಕೇಳಿದ್ದ. ಆದರೆ ಮೇಜಿನವರಿಗೆ ಅದು ತಿಳಿಯುವುದು ಹೇಗೆ? ಅಧ್ಯಕ್ಷರು ಅಡಿಕೆ ಉಗಿದು, ಹುಟ್ಟುಹಬ್ಬದ ಹಿಂದಿನ ದಿನ ದೀಪ ಹಚ್ಚುವ ಹೊತ್ತಿನವರೆಗೆ ಕಾಯುತ್ತೇವೆ, ಆಗಲೂ ಬೆಳಗದಿದ್ದರೆ ಏಣಿ ಹಾಕಿ ಇಳಿಸುತ್ತೇವೆ ಎಂದರು. ಮಗಳ ಮದುವೆಯಾದ ಇಷ್ಟು ವರ್ಷಗಳಲ್ಲಿ ಅಜ್ಜಿ ಮೊದಲ ಬಾರಿಗೆ ಅಳಿಯನ ಬಟ್ಟಲಿಗೆ ತಾನೇ ಒಂದು ತುಂಡು ಮೀನು ಹಾಕಿದಳು. ಅದನ್ನು ನುಂಗಲು ಅವನು ಪಟ್ಟ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ.

ಚಿಯಾಯಿ ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಒಂದು ಲ್ಯಾಪ್‌ಟಾಪ್ ಬಂತು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಚುರುಕು. ಕಾರ್ಡು ಅಂಚೆಯಲ್ಲಿ ಬಂತು. ಇಸ್ಪೀಟೆಲೆಯಷ್ಟು ಅಗಲ, ಹಿಂದೆ ಒಂದು ಗಿಡ್ಡ ಬಾಲ, ಬಾಲದ ತುದಿಯಲ್ಲಿ ಒಂಬತ್ತು ಸೂಜಿಯ ತಲೆ. ಹುಟ್ಟುಹಬ್ಬದ ಹಿಂದಿನ ದಿನ ಥಿಯೆನ್‌ಸೊಂಗ್ ಕಾರ್ಖಾನೆಗೆ ರಜೆ ಹಾಕಿ, ನನ್ನ ಅಂಗಡಿಯ ಮುಂದಿನ ಮೇಜಿನ ಮೇಲೆ ಎರಡನ್ನೂ ಇಟ್ಟುಕೊಂಡು ಕೂತ. ಗುಡಿಯ ಫಲಕದ ಕೇಬಲ್ ಅಲ್ಲಿಯವರೆಗೂ ಎಟುಕುತ್ತಿತ್ತು.

ಕಾರ್ಡು ಒಳಗೆ ಹೋಗಲಿಲ್ಲ. ತಲೆಕೆಳಗು ಮಾಡಿದ, ಹೋಗಲಿಲ್ಲ. ಊದಿದ, ಹೋಗಲಿಲ್ಲ. ಮೊಣಕಾಲ ನಡುವೆ ಲ್ಯಾಪ್‌ಟಾಪ್ ಹಿಡಿದು ಎರಡೂ ಕೈಯಿಂದ ಒತ್ತಿದ, ಕುರ್ಚಿ ಹಿಂದೆ ಹೋಯಿತು, ಕಾರ್ಡು ಹೋಗಲಿಲ್ಲ. ಆ ಹೊತ್ತಿಗೆ ಓಣಿಗೆ ಓಣಿಯೇ ನೆರೆದಿತ್ತು. ತೋಫು ಮಾರುವವಳು ಎರಡು ತೊಟ್ಟು ಎಳ್ಳೆಣ್ಣೆ ಬಿಡು ಎಂದಳು. ವಾರ್ಡಿನ ಮುಖ್ಯಸ್ಥೆ ಫಾಂಗ್ ಮೇಡಂ, ಬೆನ್ನ ಮೇಲೆ ತಮ್ಮದೇ ಹೆಸರು ಅಚ್ಚಾಗಿರುವ ಅಂಗಿ ತೊಟ್ಟು ಬಂದು, ಕಾರ್ಡಿನ ಮೇಲೆ ಒಂದು ಬೆರಳಿಟ್ಟು ಫೋಟೋ ತೆಗೆಸಿಕೊಂಡು, ವಾರ್ಡಿನ ಮಾರ್ಗದರ್ಶನದಲ್ಲಿ ದುರಸ್ತಿ ಭರದಿಂದ ಸಾಗಿದೆ ಎಂದು ಎಲ್ಲರ ಫೋನಿಗೂ ಕಳಿಸಿದರು.

"ಸೀಳು ಚಿಕ್ಕದಾಯ್ತಾ?" ಎಂದರು ಶಿಯಾವ್ ಅಧ್ಯಕ್ಷರು, ಟಯರಿನವರ ಕಣ್ಣಿನಿಂದ ಅಳೆಯುತ್ತ.

"ಸೀಳು ಸರಿಯಾಗಿದೆ. ಶೀತಕ್ಕೆ ಕಾರ್ಡು ಸ್ವಲ್ಪ ಹಿಗ್ಗಿದೆ."

"ಶೀತಕ್ಕೆ ಕುಗ್ಗುತ್ತಲ್ಲಪ್ಪ?"

"ಟಯರು ಕುಗ್ಗುತ್ತೆ. ಕಾರ್ಡು ಹಿಗ್ಗುತ್ತೆ."

ಆಗ ತರಕಾರಿ ಚೀಲ ಹಿಡಿದು ಲುವಾನ್ ಅಜ್ಜಿ ಬಂದಳು. ಅಳಿಯನನ್ನೂ ಸೀಳನ್ನೂ ಒಂದು ಗಳಿಗೆ ನೋಡಿ, ಪಕ್ಕದಲ್ಲಿದ್ದ ಪುಟ್ಟ ಗುಂಡಿಯನ್ನು ಉಗುರಿನಿಂದ ಒತ್ತಿದಳು. ಟಕ್ಕೆಂದು ಒಳಗಿನಿಂದ ಕಾರ್ಡಿನಷ್ಟೇ ಉದ್ದದ ಒಂದು ಕರೀ ತುಂಡು ಹೊರಗೆ ಜಾರಿ ಮೇಜಿನ ಮೇಲೆ ಬಿತ್ತು.

"ಒಳಗಿನ ಅಂಗ ಹೊರಗೆ ಬಂತು," ಎಂದರು ಅಧ್ಯಕ್ಷರು.

ಫಾಂಗ್ ಮೇಡಂ ಫೋನ್ ಕೆಳಗಿಳಿಸಿದರು. ಥಿಯೆನ್‌ಸೊಂಗ್ ಬಿಳುಚಿಕೊಂಡು ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅದು ಬರೀ ಟೊಳ್ಳು ಪ್ಲಾಸ್ಟಿಕ್. ಧೂಳು ಹೋಗದಿರಲಿ ಎಂದು ಸೀಳಿಗೆ ತುಂಬಿಟ್ಟದ್ದು.

"ಹೊಸಾ ಬೂಟಿನೊಳಗೆ ಕಾಗದದ ಉಂಡೆ ತುರುಕಿರ್ತಾರೆ," ಎಂದಳು ಅಜ್ಜಿ. "ಅದನ್ನ ತೆಗೀದೇ ಕಾಲು ತುರುಕ್ತಾರೇನೋ?"

"ಅದನ್ನೇ ಹೇಳೋಣ ಅಂತಿದ್ದೆ ಅತ್ತೆ."

"ಬೆಳಿಗ್ಗೆಯಿಂದ ಹೇಳೋಣ ಅಂತಿದ್ಯಾ?"

ಈ ಸಲ ಕಾರ್ಡು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಲ್ಯಾಪ್‌ಟಾಪ್ ಟಿಂಗ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅದು ಇಂಗ್ಲಿಷಿನಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳಿತು. ಥಿಯೆನ್‌ಸೊಂಗ್ ಎಲ್ಲದಕ್ಕೂ ಹೌದು, ಹೌದು ಎಂದು ಒತ್ತುತ್ತ ಹೋದ. ಓದಬೇಡವೇ ಎಂದು ನಾನು ಕೇಳಿದೆ. ಕೇಳಿದ್ದಕ್ಕೆಲ್ಲ ಹೌದು ಅನ್ನುವುದು ಮದುವೆಯಾದ ಮೇಲೆ ಆದ ಅಭ್ಯಾಸ ಎಂದ.

ಎಲ್ಲ ಪ್ರಶ್ನೆ ಮುಗಿದ ಮೇಲೆ ಲ್ಯಾಪ್‌ಟಾಪ್ ಒಂದು ಕೊನೆಯ ಸುದ್ದಿ ಹೇಳಿತು. ಹೊಸ ಕಿಂಡಿ ಸಿದ್ಧವಾಗಿದೆ. ಅದರ ಸಂಖ್ಯೆ ನಾಲ್ಕು.

ಥಿಯೆನ್‌ಸೊಂಗ್ ನೋಡಿದ. ನಾನೂ ನೋಡಿದೆ. ಸಭ್ಯರಾದ ನಾವಿಬ್ಬರೂ ತಕ್ಷಣ ಬೇರೆ ಕಡೆ ನೋಡಿದೆವು.

ನಾಲ್ಕು ಸಾವಿನ ಸಂಖ್ಯೆ, ನಮ್ಮ ಮಾತಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಉಚ್ಚಾರ. ನಮ್ಮೂರ ಆಸ್ಪತ್ರೆಯ ಲಿಫ್ಟಿನಲ್ಲಿ ಮೂರಾದ ಮೇಲೆ ಐದು. ನನ್ನ ಅಂಗಡಿಯಲ್ಲೂ ಮೂರನೇ ಮೇಜಿನ ಪಕ್ಕದ್ದು ಐದನೇ ಮೇಜು. ತಾತನ ಹುಟ್ಟುಹಬ್ಬಕ್ಕೆ ಯಾರಾದರೂ ನಾಲ್ಕು ಕಿತ್ತಳೆ ತಂದರೆ ಗೇಟಿನಲ್ಲೇ ಒಂದನ್ನು ತಿಂದು ಒಳಗೆ ಹೋಗಬೇಕು.

"ತಮಾಷೆ ಮಾಡ್ತಿದೆ," ಎಂದು ಥಿಯೆನ್‌ಸೊಂಗ್ ಪಿಸುಗುಟ್ಟಿ ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ. ಅದು ಮತ್ತೆ ನಾಲ್ಕು ಎಂದಿತು. ಎಲ್ಲೋ ಹುಡುಕಿ ಅದನ್ನು ಎಂಟು ಎಂದು ಬದಲಾಯಿಸಿದ. ಎಂಟು ಒಳ್ಳೆಯದು, ದುಡ್ಡು ಬರುವ ಸಂಖ್ಯೆ. ಲ್ಯಾಪ್‌ಟಾಪ್ ಒಪ್ಪಿತು. ಆದರೆ ಫಲಕಕ್ಕೆ ಅಕ್ಷರ ಕಳಿಸುವ ಪ್ರೋಗ್ರಾಂ ವಯಸ್ಸಿನಲ್ಲಿ ಅಜ್ಜಿಗಿಂತ ಸ್ವಲ್ಪವೇ ಚಿಕ್ಕದು. ಅದಕ್ಕೆ ಲೆಕ್ಕ ಬರುತ್ತಿದ್ದದ್ದು ಒಂದರಿಂದ ನಾಲ್ಕರವರೆಗೆ, ಅಷ್ಟೇ. ಒಂದು, ಎರಡು, ಮೂರರಲ್ಲಿ ಲ್ಯಾಪ್‌ಟಾಪಿನ ಒಳಗಿನ ಬೇರೆ ಯಾರೋ ಆಗಲೇ ಚಾಪೆ ಹಾಸಿ ಕೂತಿದ್ದರು. ಥಿಯೆನ್‌ಸೊಂಗ್ ಬೆವರು ಒರೆಸಿಕೊಂಡ.

"ಯಾಕೆ ನಿಂತುಹೋಯ್ತು?" ಎಂದರು ಫಾಂಗ್ ಮೇಡಂ.

"ಕಿಂಡಿಗೆ ಸಂಖ್ಯೆ ಕೊಡಬೇಕು ಮೇಡಂ. ಯಾವುದು ಅಂತ ಯೋಚನೆ ಮಾಡ್ತಿದೀನಿ."

"ಒಂದೊಂದೇ ಹಾಕಿ ನೋಡಿ ಮತ್ತೆ. ಒಂದು, ಎರಡು, ಮೂರು, ಹಂಗೇ ಮುಂದಕ್ಕೆ."

ಮುಂದಕ್ಕೆ ಏನಿದೆ ಎಂದು ನಮ್ಮಿಬ್ಬರಿಗೇ ಗೊತ್ತಿತ್ತು. ಥಿಯೆನ್‌ಸೊಂಗ್‌ಗೆ ಗಾಬರಿಯಾದಾಗ ಪಾಂಡಿತ್ಯ ಉಕ್ಕುತ್ತದೆ.

"ಹಂಗೆಲ್ಲ ಹಾಕಿ ನೋಡಂಗಿಲ್ಲ. ತಪ್ಪು ಸಂಖ್ಯೆ ಕೊಟ್ರೆ ಕರೆಂಟ್ ಉಲ್ಟಾ ಹೋಗಿ ಫಲಕ ಸುಟ್ಟು ಬೂದಿ ಆಗುತ್ತೆ."

ಜನ ಎರಡು ಹೆಜ್ಜೆ ಹಿಂದೆ ಸರಿದರು. ತೋಫುವಿನವಳು ಗಾಡಿಯನ್ನೂ ಹಿಂದೆ ಎಳೆದುಕೊಂಡಳು. ಲುವಾನ್ ಅಜ್ಜಿ ಮಾತ್ರ ತರಕಾರಿ ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಮನುಷ್ಯರಿಗೆ ಗೊತ್ತಾಗ್ದಿದ್ರೆ ಕೇಳೋಕೆ ಒಬ್ಬ ಇದಾನಲ್ಲ," ಎಂದು ಗುಡಿಯೊಳಗೆ ನಡೆದಳು.

ತಾತನನ್ನು ಕೇಳುವುದು ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಎಸೆದು. ಒಂದು ಉಬ್ಬು ಮೇಲಾಗಿ ಮಗುಚಿ, ಇನ್ನೊಂದು ಚಪ್ಪಟೆ ಮೇಲಾಗಿ ಮಲಗಿದರೆ ಹೌದು. ಎರಡೂ ಉಬ್ಬು ಮೇಲಾಗಿ ಬಿದ್ದರೆ ಇಲ್ಲ. ಎರಡೂ ಚಪ್ಪಟೆ ಮೇಲಾಗಿ ಬಿದ್ದರೆ ತಾತ ನಗುತ್ತಿದ್ದಾನೆ, ನೀನು ಕೇಳಿದ್ದೇ ಸರಿಯಿಲ್ಲ ಎಂದು ಅರ್ಥ. ದೊಡ್ಡ ವಿಷಯವಾದರೆ ಸತತ ಮೂರು ಸಲ ಹೌದು ಬೀಳಬೇಕು. ನಮ್ಮ ಓಣಿಯಲ್ಲಿ ಮದುವೆ, ಮನೆ, ಆಪರೇಷನ್ ಎಲ್ಲ ಹೀಗೇ ನಿರ್ಧಾರವಾಗಿವೆ. ಸೀರಿಯಲ್ ಪೋರ್ಟಿನ ಸಂಖ್ಯೆ ಕೇಳಿದ್ದು ಮಾತ್ರ ಇದೇ ಮೊದಲು.

ಅಜ್ಜಿ ಊದುಬತ್ತಿ ಹಚ್ಚಿ, ಹೆಸರು, ಹುಟ್ಟಿದ ದಿನ, ಓಣಿ, ಮನೆ ನಂಬರು ಎಲ್ಲ ಹೇಳಿಕೊಂಡಳು. ಥಿಯೆನ್‌ಸೊಂಗ್ ಸಂಖ್ಯೆ ಕೂಗಬೇಕು, ಅಜ್ಜಿ ಎಸೆಯಬೇಕು.

"ಒಂದು," ಎಂದ. ಇಲ್ಲ ಎಂದು ಬಿತ್ತು.

"ಎರಡು." ಇಲ್ಲ.

"ಮೂರು." ಇಲ್ಲ.

ಥಿಯೆನ್‌ಸೊಂಗ್ ಗಂಟಲು ಸರಿಮಾಡಿಕೊಂಡ. "ಐದು."

ತಾತ ನಕ್ಕ. ಆರಕ್ಕೂ ನಕ್ಕ. ಏಳಕ್ಕೆ ನಕ್ಕ. ಎಂಟಕ್ಕೆ ಎಷ್ಟು ನಕ್ಕನೆಂದರೆ ಒಂದು ತುಂಡು ಉರುಳಿಕೊಂಡು ನೈವೇದ್ಯದ ಮೇಜಿನ ಕೆಳಗೆ ಹೋಯಿತು. ಫಾಂಗ್ ಮೇಡಂ ವಾರ್ಡಿನ ಪರವಾಗಿ ಬಗ್ಗಿ ಅದನ್ನು ಹೊರಗೆ ತೆಗೆದರು. ಇಷ್ಟು ನಗುವ ತಾತನನ್ನು ನಾನು ಈ ವಯಸ್ಸಿನವರೆಗೆ ನೋಡಿರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು, ಥಿಯೆನ್‌ಸೊಂಗ್ ಬಸ್ ಕಂಡಕ್ಟರನಂತೆ ಕೂಗುತ್ತಲೇ ಇದ್ದ. ತಾತ ನಗುತ್ತಲೇ ಇದ್ದ.

"ಸಾಕು," ಎಂದರು ಶಿಯಾವ್ ಅಧ್ಯಕ್ಷರು. "ತಾತ ಬಾಯಿಬಿಟ್ಟು ಹೇಳ್ತಿದಾನೆ, ಹಳೇದು ಬೇಡ ಅಂತ. ದೀಪ ಹಚ್ಚೋ ಹೊತ್ತೂ ಆಯ್ತು. ಕೊಟ್ಟ ಮಾತು ಕೊಟ್ಟ ಮಾತೇ. ಅಜ್ಜಿ, ತಪ್ಪು ತಿಳ್ಕೋಬೇಡಿ."

ಏಣಿ ಬಂತು. ಬಾಗಿಲ ಕಂಬಕ್ಕೆ ಒರಗಿಸಿದರು. ಅಧ್ಯಕ್ಷರೇ ಸ್ಕ್ರೂಡ್ರೈವರ್ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಅವರು ಕೆಟ್ಟವರಲ್ಲ, ಆ ಗಳಿಗೆಯಲ್ಲಿ ಅವರ ಮುಖವೂ ಸಣ್ಣದಾಗಿತ್ತು. ಅಜ್ಜಿ ಮೊಣಕಾಲೂರಿದಲ್ಲೇ ಇದ್ದಳು. ಅವಳ ಬೆನ್ನು ಅಷ್ಟು ಪುಟ್ಟದು ಎಂದು ನನಗೆ ಆವತ್ತೇ ಗೊತ್ತಾದದ್ದು. ಅವಳು ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಒಂದು ಬೆರಳು, ಎರಡು, ಮೂರು. ನಾಲ್ಕನೆಯ ಬೆರಳು ನೆಟ್ಟಗೇ ಉಳಿಯಿತು.

"ಥಿಯೆನ್‌ಸೊಂಗ್."

"ಅತ್ತೆ."

"ಒಂದನ್ನ ಹಾರಿಸಿಬಿಟ್ಟೆ ನೀನು."

ಗುಡಿಯಲ್ಲಿ ಇದ್ದವರೆಲ್ಲ ನೆಲ ನೋಡಿದರು. ಫಲಕದವರೆಗೆ ಹತ್ತಿದ್ದ ಅಧ್ಯಕ್ಷರು ಏಣಿಯ ಮೇಲೆ ನಿಂತಲ್ಲೇ ನಿಂತರು.

"ಹಾರಿಸ್ಬೇಕಾದ್ದನ್ನೇ ಅತ್ತೆ ಹಾರಿಸಿದ್ದು," ಎಂದ ಥಿಯೆನ್‌ಸೊಂಗ್.

"ಆ ಡಬ್ಬಿ ಏನು ಹೇಳ್ತು? ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ, ಅದು ಏನೋ ಹೇಳಿದೆ."

ಥಿಯೆನ್‌ಸೊಂಗ್ ನನ್ನ ಕಡೆ ನೋಡಿದ. ನಾನು ತರಕಾರಿ ಚೀಲದೊಳಗೆ ನೋಡಿದೆ.

"ಅದು ಮೊದಲಿಂದ ಒಂದೇ ಸಂಖ್ಯೆ ಹೇಳ್ತಿದೆ ಅತ್ತೆ. ಅದೊಂದರಲ್ಲೇ ಆಗೋದು. ಸುಡೋದು ಗಿಡೋದು ಏನಿಲ್ಲ, ಅದು ನಾನು ಸುಮ್ನೆ ಹೇಳಿದ್ದು." ಅವನ ದನಿ ಕುಗ್ಗಿತು. "ಆದ್ರೆ ಅದರೊಳಗಿಂದ ಹೋಗೋದು ಮಾವನ ಹೆಸರು ಅಲ್ವಾ? ಮಾವನ ಹೆಸರನ್ನ ಆ ಸಂಖ್ಯೆ ಬಾಗಿಲಿಂದ ಹೆಂಗೆ ಕಳಿಸ್ಲಿ? ನಿಮಗೂ ಅದಂದ್ರೆ ಆಗಲ್ಲ. ಮಗೂನೂ ಸೇರಿ ಊಟಕ್ಕೆ ನಾವು ಆ ಸಂಖ್ಯೆಯಷ್ಟೇ ಜನ ಕೂತ್ರೂ ನೀವು ಐದನೇ ಬಟ್ಟಲು ತಂದು ಇಡ್ತೀರಿ."

ಅಜ್ಜಿ ಅವನ ಕಡೆ ತಿರುಗಿದಳು.

"ಲೋ ಪೆದ್ದಾ. ಆ ಬಟ್ಟಲು ನಿಮ್ಮ ಮಾವಂದು ಕಣೋ."

ಅವಳು ನೆಲದ ಮೇಲಿನ ಮರದ ತುಂಡುಗಳನ್ನು ಆರಿಸಿಕೊಂಡಳು.

"ನಾಲ್ಕು ನಮ್ಮನೆಯಿಂದ ತಗೊಂಡು ಹೋಗ್ಬೇಕಾದ್ದನ್ನ ತಗೊಂಡು ಹೋಗಿ ಎಷ್ಟು ವರ್ಷ ಆಯ್ತು," ಎಂದಳು ಅಜ್ಜಿ. ಅವಳು ಆ ಪದವನ್ನು ಗಟ್ಟಿಯಾಗಿಯೇ ಆಡಿದಳು. ತೋಫುವಿನವಳು ಎದೆ ಮುಟ್ಟಿಕೊಂಡಳು. "ಎಂಬತ್ತಕ್ಕೆ ಬಂದೆ ನಾನು. ಇನ್ನು ನಾನು ಅದಕ್ಕೆ ಹೆದರ್ಬೇಕಾ, ಅದು ನನಗೆ ಹೆದರ್ಬೇಕಾ?"

ಅವಳು ತುಂಡುಗಳನ್ನು ಹಣೆಗೆ ಮುಟ್ಟಿಸಿ, ನಾಲ್ಕು ತಾತ, ನಾಲ್ಕಾ ಎಂದು ಕೇಳಿ ಎಸೆದಳು. ಒಂದು ಮಗುಚಿತು, ಒಂದು ಮಲಗಿತು. ಹೌದು. ಮತ್ತೆ ಎಸೆದಳು. ಹೌದು. ಮೂರನೆಯ ಸಲ ಒಂದು ತುಂಡು ಅಂಚಿನ ಮೇಲೆ ಗಿರಗಿರ ತಿರುಗಿ, ಎಲ್ಲರ ಪ್ರಾಣ ಬಾಯಿಗೆ ತಂದು, ನಿಧಾನವಾಗಿ ಬೇಕಾದ ಕಡೆಗೇ ಮಲಗಿತು. ಫಾಂಗ್ ಮೇಡಂ ಫೋಟೋ ತೆಗೆಯುವುದನ್ನೇ ಮರೆತಿದ್ದರು.

ಥಿಯೆನ್‌ಸೊಂಗ್ ಅಂಗಳ ದಾಟಿ ನನ್ನ ಮೇಜಿಗೆ ಓಡಿದ. ಕಿಂಡಿಗೆ ನಾಲ್ಕು ಎಂದು ಕೊಟ್ಟ. ಪರೀಕ್ಷೆಗೆ ಏನಾದರೂ ಬರೆ ಎಂದು ಪ್ರೋಗ್ರಾಂ ಕೇಳಿತು. ಅವನ ಬೆರಳು ಏನೋ ಬರೆಯಿತು. ಒಂಬತ್ತು ಸೂಜಿಯ ತಲೆಯನ್ನು ಕಿತ್ತು, ಫೂ ಎಂದು ಊದಿ, ಚುಚ್ಚಿ, ಗುಂಡಿ ಒತ್ತಿದ.

ಫಲಕದ ಬಲ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಹತ್ತಿತು. ಆಮೇಲೆ ನೂರಾರು. ಅಕ್ಷರಗಳು ಅಧ್ಯಕ್ಷರ ಮೂಗಿನ ಮುಂದೆಯೇ ಓಡಿದವು. ಇಡೀ ಓಣಿ ಒಟ್ಟಾಗಿ ಓದಿತು: ಅತ್ತೆ ಬಯ್ಯಬೇಡಿ.

"ದೇವರ ಫಲಕದಲ್ಲಿ ಮನೆ ಮಾತು," ಎಂದು ಅಧ್ಯಕ್ಷರು ಏಣಿಯಿಂದ ಇಳಿದರು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ಅವರ ಮುಖದಲ್ಲಿ ನಗು ಇತ್ತು.

"ಬಯ್ಯಲ್ಲ," ಎಂದಳು ಅಜ್ಜಿ ಅಂಗಳಕ್ಕೆ ಬಂದು. "ಮೊದ್ಲು ಅವರ ಹೆಸರು ಹಾಕು."

ಹೆಸರು ಬಂತು. ಬಲಗಡೆಯಿಂದ ಹೊರಟು ಕಣ್ಣು ಮಿಟುಕಿಸುವಷ್ಟರಲ್ಲಿ ಎಡಗಡೆ ಮಾಯವಾಯಿತು. ಜನ ಕೈತಟ್ಟಿದರು. ಅಜ್ಜಿ ತಟ್ಟಲಿಲ್ಲ.

"ಯಾಕೆ ಅತ್ತೆ? ತಪ್ಪಾಯ್ತಾ?"

"ಅವರು ಇಷ್ಟು ಬೇಗ ನಡೆದವರೇ ಅಲ್ಲ," ಎಂದಳು. "ನಿಧಾನ ಮಾಡು."

ಥಿಯೆನ್‌ಸೊಂಗ್ ವೇಗದ ಗುಂಡಿಯನ್ನು ಹುಡುಕಿ ಇಳಿಸಿದ. ಇನ್ನೂ ನಿಧಾನ ಎಂದಳು. ಇಳಿಸಿದ. ಇನ್ನೂ ಎಂದಳು. ಅದಕ್ಕಿಂತ ಕೆಳಗೆ ಗುಂಡಿ ಹೋಗಲಿಲ್ಲ. ಈ ವೇಗಕ್ಕೆ ನಾಳೆ ಕಿತ್ತಳೆ ದಾನಿಗಳ ಪಟ್ಟಿಯಲ್ಲಿ ತಮ್ಮ ಹೆಸರು ಬರುವಷ್ಟರಲ್ಲಿ ಹಬ್ಬವೇ ಮುಗಿಯುತ್ತದೆ ಎಂದು ಅಧ್ಯಕ್ಷರು ಗೊಣಗಿದರು. ಆದರೆ ಮೆಲ್ಲಗೆ ಗೊಣಗಿದರು.

ಬಲಗಡೆಯ ಕಂಬದ ಹತ್ತಿರ ಮೊದಲ ಅಕ್ಷರ ಮೂಡಿತು. ಅಜ್ಜಿ ಹೋಗಿ ಅದರ ಕೆಳಗೆ ನಿಂತಳು. ಹೆಸರು ಹೊರಟಿತು. ಅವಳೂ ಹೊರಟಳು. ಒಮ್ಮೆಯೂ ತಲೆ ಎತ್ತದೆ, ಒಂದು ಹೆಜ್ಜೆ ಮುಂದೂ ಹೋಗದೆ ಹಿಂದೂ ಉಳಿಯದೆ, ಎಡಗಡೆಯ ಕಂಬದವರೆಗೆ ಅದರ ಜೊತೆಯಲ್ಲೇ ನಡೆದಳು.